ಹೊಸನಗರ ‘ಮೂಲೆ’ ಆದದ್ದು ಯಾವಾಗ? ಹೇರೆತ್ತುಗಳ ದಾರಿಯಲ್ಲಿ ಒಂದು ಪ್ರಯಾಣ

ಹಾಸ್ಟೆಲಿನಲ್ಲಿ ಹೊಸದಾಗಿ ಪರಿಚಯ ಆಗುವಾಗ “ನಮ್ಮದು ಹೊಸನಗರ” ಅಂದ್ರೆ ಮುಂದಿನ ಪ್ರಶ್ನೆ ಗ್ಯಾರಂಟಿ: “ಅದೆಲ್ಲಿ ಬರುತ್ತೆ?” ಸಾಗರ ಅಂದ್ರೆ ಜೋಗ ನೆನಪಾಗುತ್ತೆ, ತೀರ್ಥಹಳ್ಳಿ ಅಂದ್ರೆ ಕುವೆಂಪು. ಇವೆರಡರ ನಡುವೆ, ಪಶ್ಚಿಮಕ್ಕೆ ಸರಿದು ಕೂತಿರುವ ಹೊಸನಗರ ಅಂದ್ರೆ ಮಳೆ, ಕಾಡು, ಹೋದ ಕರೆಂಟು, ಸಿಗದ ನೆಟ್‌ವರ್ಕ್. ಒಟ್ಟಿನಲ್ಲಿ ‘ಮೂಲೆ ಊರು’.

ಈಗ ಇನ್ನೊಂದು ವಿಷಯ ಕೇಳಿ. ಇದೇ ತಾಲ್ಲೂಕಿನ ನಗರ ಎಂಬ ಹಳ್ಳಿ ಸುಮಾರು ನೂರಿಪ್ಪತ್ತು ವರ್ಷ ಒಂದು ರಾಜ್ಯದ ರಾಜಧಾನಿ ಆಗಿತ್ತು. ಇಲ್ಲಿಂದ ಆಳಿದವರ ಕೈಯಲ್ಲಿ ಕರಾವಳಿಯ ಬಂದರುಗಳಿದ್ದವು. ಪೋರ್ಚುಗೀಸರು ಇವರ ಜೊತೆ ಕಾದಾಡಿದರು, ಒಪ್ಪಂದಕ್ಕೂ ಕೂತರು. ಹೈದರ್ ಅಲಿ ಈ ಊರನ್ನು ಗೆದ್ದ ಮೇಲೆ ಅದಕ್ಕೆ ತನ್ನ ಹೆಸರನ್ನೇ ಇಟ್ಟ. ಇಷ್ಟೆಲ್ಲಾ ನಡೆದದ್ದು ‘ಮೂಲೆ’ಯಲ್ಲಾ?

ಅಲ್ಲ. ಆಗ ಅದು ಮೂಲೆ ಆಗಿರಲಿಲ್ಲ, ದಾರಿಯ ಮಧ್ಯ ಆಗಿತ್ತು. ಊರು ಇದ್ದಲ್ಲೇ ಇದೆ, ಘಟ್ಟವೂ ಇದ್ದಲ್ಲೇ ಇದೆ. ಬದಲಾದದ್ದು ಸರಕು ಹೊರುವ ವಾಹನ. ಒಂದು ಊರು ‘ದೂರ’ ಆಗೋದು ನಕ್ಷೆಯಿಂದಲ್ಲ, ಇಂಜಿನಿಯರಿಂಗ್ ನಿರ್ಧಾರಗಳಿಂದ. ಸಾಗರದಿಂದ ಹೊಸನಗರ, ನಗರ, ಹುಲಿಕಲ್ ಘಾಟಿ ದಾಟಿ ಬಸ್ರೂರಿನವರೆಗೆ ಆ ಹಳೇ ವ್ಯಾಪಾರದ ದಾರಿಯಲ್ಲಿ ಹೋದರೆ ಈ ಮಾತು ಕಣ್ಣಿಗೇ ಕಾಣುತ್ತೆ. ಬನ್ನಿ, ಹೋಗೋಣ.

ಮೊದಲು ವಾಹನ: ಹೇರೆತ್ತು

ಹಳೇ ದಾರಿ ಅರ್ಥ ಆಗಬೇಕಾದರೆ ಮೊದಲು ಹಳೇ ಗಾಡಿ ಅರ್ಥ ಆಗಬೇಕು. ಆದರೆ ಗಾಡಿಯೇ ಇರಲಿಲ್ಲ. ಮಲೆನಾಡಿನ ಘಟ್ಟದ ದಾರಿಗಳಲ್ಲಿ ಚಕ್ರ ಉರುಳಿದ್ದು ತೀರಾ ಇತ್ತೀಚೆಗೆ. ಅದಕ್ಕೂ ಮುಂಚೆ ಸರಕು ಹೋಗ್ತಾ ಇದ್ದದ್ದು ಎರಡೇ ರೀತಿಯಲ್ಲಿ: ಮನುಷ್ಯರ ತಲೆಹೊರೆ, ಇಲ್ಲವೇ ಎತ್ತಿನ ಬೆನ್ನಿನ ಮೇಲಿನ ಹೇರು. ಬೆನ್ನಿನ ಎರಡೂ ಬದಿಗೆ ಸಮ ತೂಕ ಬರುವಂತೆ ಗೋಣಿ ಇಳಿಬಿಟ್ಟು ನಡೆಸುವ ಎತ್ತೇ ಹೇರೆತ್ತು. ದಕ್ಷಿಣ ಭಾರತದ ಉದ್ದಕ್ಕೂ ಉಪ್ಪು, ಧಾನ್ಯ, ಸೈನ್ಯದ ದಿನಸಿ ಎಲ್ಲವನ್ನೂ ಹೀಗೆ ಸಾಗಿಸಿದವರಲ್ಲಿ ಲಂಬಾಣಿಗಳ ಪಾತ್ರ ಬಹಳ ದೊಡ್ಡದು.

ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ಒಂದು ಎತ್ತಿಗೆ ಒಂದು ಕ್ವಿಂಟಾಲ್ ಅಂತ ಹಿಡಿಯೋಣ. ಹತ್ತು ಟನ್ ಲಾರಿಯ ಒಂದು ಲೋಡಿಗೆ ನೂರು ಎತ್ತು ಬೇಕು. ದಿನಕ್ಕೆ 15 ಕಿ.ಮೀ. ನಡಿಗೆ ಅಂದ್ರೆ ನಗರದಿಂದ ಕುಂದಾಪುರದ ಕಡಲಿಗೆ, ಸುಮಾರು 60 ಕಿ.ಮೀ. ದೂರಕ್ಕೆ, ನಾಲ್ಕು ದಿನ. ನಿಧಾನ ಅನ್ನಿಸುತ್ತೆ, ಹೌದು. ಆದರೆ ಈ ವಾಹನಕ್ಕೆ ಡಾಂಬರು ಬೇಡ, ದಾರಿಬದಿಯ ಹುಲ್ಲೇ ಡೀಸೆಲ್, ಒಂದು ಎತ್ತು ಕುಂಟಿದರೆ ಉಳಿದ ತೊಂಬತ್ತೊಂಬತ್ತು ನಡೀತಾನೇ ಇರುತ್ತವೆ. ಎಲ್ಲಕ್ಕಿಂತ ಮುಖ್ಯ, ಅದು ಏರು ಹತ್ತುತ್ತೆ. ಎಷ್ಟು ಏರು ಹತ್ತುತ್ತೆ ಅನ್ನೋದರ ಮೇಲೆ ಈ ಲೇಖನದ ಅರ್ಧ ಕತೆ ನಿಂತಿದೆ. ಅದನ್ನ ಘಾಟಿಗೆ ಹೋದಾಗ ನೋಡೋಣ.

ನಿಧಾನದ ವಾಹನದಲ್ಲಿ ಏನು ಸಾಗಿಸಿದರೆ ಗಿಟ್ಟುತ್ತೆ? ತೂಕ ಕಡಿಮೆ, ಬೆಲೆ ಜಾಸ್ತಿ ಇರುವಂಥದ್ದು. ಮಲೆನಾಡಿನಲ್ಲಿ ಅಂಥದ್ದಕ್ಕೆ ಕೊರತೆ ಇರಲಿಲ್ಲ: ಕಾಳುಮೆಣಸು, ಏಲಕ್ಕಿ, ಅಡಿಕೆ, ಶ್ರೀಗಂಧ. ಇವು ಘಟ್ಟ ಇಳಿಯುತ್ತಿದ್ದವು. ವಾಪಸ್ ಬರುವಾಗ ಎತ್ತು ಖಾಲಿ ಬಂದರೆ ನಷ್ಟ, ಹಾಗಾಗಿ ಉಪ್ಪು, ಒಣಮೀನು, ತೆಂಗಿನಕಾಯಿ, ಎಣ್ಣೆ ಘಟ್ಟ ಹತ್ತುತ್ತಿದ್ದವು. ಇವುಗಳಲ್ಲಿ ಉಪ್ಪಿನದು ಬೇರೆಯದೇ ತೂಕ. ಮೆಣಸು ಇಲ್ಲದೆ ಯುರೋಪಿನವರು ಬದುಕಬಲ್ಲರು, ಉಪ್ಪಿಲ್ಲದೆ ಘಟ್ಟದ ಮೇಲಿನವರು ಬದುಕಲಾರರು. ಇವತ್ತಿಗೂ ನಮ್ಮಲ್ಲಿ ದಿಕ್ಕು ಹೇಳುವಾಗ ಪೂರ್ವ, ಪಶ್ಚಿಮ ಅನ್ನೋದಕ್ಕಿಂತ ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಅನ್ನೋದೇ ಜಾಸ್ತಿ. ಆ ಮಾತು ಬಂದದ್ದು ಈ ಓಡಾಟದಿಂದ.

ಕ್ಯಾಲೆಂಡರ್ ಮಾಡಿದ್ದು ಮಳೆ

ಆಗುಂಬೆ, ಹುಲಿಕಲ್ ಭಾಗದಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತೆ, ಕೆಲವು ವರ್ಷ ಇನ್ನೂ ಹೆಚ್ಚು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದ್ರೆ ನಾಲ್ಕು ತಿಂಗಳು ದಾರಿ ಬಂದ್. ಹಳ್ಳ ದಾಟೋಕಾಗಲ್ಲ, ಮಣ್ಣಿನ ದಾರಿಯಲ್ಲಿ ಎತ್ತಿನ ಕಾಲು ಹೂಳುತ್ತೆ.

ಇಲ್ಲಿ ಒಂದು ಸೊಗಸಾದ ಹೊಂದಾಣಿಕೆ ಗಮನಿಸಿ. ಅದೇ ನಾಲ್ಕು ತಿಂಗಳು ಅರಬ್ಬಿ ಸಮುದ್ರವೂ ಬಂದ್. ಮುಂಗಾರಿನ ಗಾಳಿಗೆ ಹಾಯಿಹಡಗುಗಳು ನಮ್ಮ ಬಂದರುಗಳ ಹತ್ತಿರ ಸುಳಿಯುತ್ತಿರಲಿಲ್ಲ. ಮಳೆ ನಿಂತು, ಕಡಲು ಶಾಂತ ಆಗಿ, ದಾರಿ ಒಣಗುವ ಹೊತ್ತಿಗೆ ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಶುರು. ಅದರ ಬೆನ್ನಿಗೇ ಮೆಣಸಿನ ಕೊಯ್ಲು. ಅಂದ್ರೆ ಸರಕು, ದಾರಿ, ಹಡಗು ಮೂರೂ ಒಂದೇ ಕಾಲಕ್ಕೆ ಸಿದ್ಧ. ಇನ್ನು ಕರಾವಳಿಯಲ್ಲಿ ಉಪ್ಪು ತಯಾರಾಗೋದು ಬಿಸಿಲು ಕಾಲದಲ್ಲಿ. ಮೇ ಕೊನೆಯೊಳಗೆ ಅದು ಘಟ್ಟ ಹತ್ತಿ ಮನೆ ಸೇರಿದರೆ ಮಳೆಗಾಲದ ದಾಸ್ತಾನು ಆಯಿತು. ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ ಓದೋ ‘ಸಪ್ಲೈ ಚೈನ್’ ಅಂದ್ರೆ ಇದೇ. ಪ್ಲಾನ್ ಮಾಡಿದ್ದು ಮಾತ್ರ ಯಾವ ಕಂಪನಿಯೂ ಅಲ್ಲ, ಮಳೆ.

ಮೊದಲ ನಿಲ್ದಾಣ: ಸಾಗರ, ಇಕ್ಕೇರಿ

ಪ್ರಯಾಣ ಸಾಗರದಿಂದ ಶುರು ಮಾಡೋಣ. ಕೆಳದಿಯ ನಾಯಕರು ಮೊದಲು ಆಳಿದ್ದು ಹತ್ತಿರದ ಕೆಳದಿಯಿಂದ, ಆಮೇಲೆ ಇಕ್ಕೇರಿಯಿಂದ. ಇಕ್ಕೇರಿ ಸಾಗರದಿಂದ ಸುಮಾರು 6 ಕಿ.ಮೀ. ಅಲ್ಲಿ ಉಳಿದಿರೋದು ಮುಖ್ಯವಾಗಿ ಅಘೋರೇಶ್ವರ ದೇವಸ್ಥಾನ. ದೇವರಿಗೆ ಕೈ ಮುಗಿದ ಮೇಲೆ ಕಂಬಗಳ ನಡುವಿನ ಅಂತರವನ್ನೂ ಒಮ್ಮೆ ನೋಡಿ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುವ ಪ್ರಕಾರ ಶಿವಪ್ಪ ನಾಯಕನ ಕಾಲದಲ್ಲಿ ಅಡಿಕೆ ತೋಟ ಅಳೆಯುವ ಕೋಲಿನ ಉದ್ದ 18 ಅಡಿ 6 ಅಂಗುಲ, ಈ ದೇವಸ್ಥಾನದ ಕಂಬಗಳ ಅಂತರದಷ್ಟು. ಯಾರ ಕೋಲು ಸರಿ, ಯಾರದು ಗಿಡ್ಡ ಅಂತ ಜಗಳ ಬಂದರೆ ಬಂದು ತಾಳೆ ನೋಡಿಕೊಳ್ಳಬಹುದು. ಕಲ್ಲಿನ ಅಳತೆಯನ್ನು ಯಾವ ಅಧಿಕಾರಿಯೂ ಕತ್ತರಿಸೋಕಾಗಲ್ಲ! ಮೆಟ್ರಾಲಜಿ ಲ್ಯಾಬಿನಲ್ಲಿ ಸ್ಟ್ಯಾಂಡರ್ಡ್ ಗೇಜ್ ಹಿಡಿದು ನಿಲ್ಲುವವರಿಗೆ ಇದರ ಬೆಲೆ ಬೇಗ ಅರ್ಥ ಆಗುತ್ತೆ. ಶಿವಪ್ಪ ನಾಯಕನ ಕಂದಾಯ ವ್ಯವಸ್ಥೆ ‘ಶಿಸ್ತು’ ಅಂತ ಹೆಸರಾಯಿತು.

ಇಕ್ಕೇರಿಯ ಕಾಲದಲ್ಲಿ ಕಡಲಿಗೆ ಇಳಿಯುವ ಒಂದು ಮುಖ್ಯ ದಾರಿ ಗೇರುಸೊಪ್ಪೆಯದು. ಇಕ್ಕೇರಿಯಿಂದ ಘಟ್ಟ ಇಳಿದು ಗೇರುಸೊಪ್ಪೆ, ಅಲ್ಲಿಂದ ಶರಾವತಿಯಲ್ಲಿ ದೋಣಿ ಹತ್ತಿ ಹೊನ್ನಾವರ. ಈ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಅಂತಲೇ ಕರೆದರು.

1623ರಲ್ಲಿ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ವೆಂಕಟಪ್ಪ ನಾಯಕನನ್ನು ಕಾಣಲು ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಇದೇ ದಾರಿಯಲ್ಲಿ ಇಕ್ಕೇರಿಗೆ ಬಂದ. ದಾರಿಯಲ್ಲಿ ಸಾಮಾನು ಹೇರುವ ಕೆಲಸ ನಡೆದಿದ್ದಾಗ ಅವನು ಒಂದು ಗುಡಿಯ ಜಗುಲಿಯಲ್ಲಿ ಕೂತು ನೋಡಿದ್ದೇನು ಗೊತ್ತಾ? ನಾಲ್ಕು ಮಕ್ಕಳು ಲೆಕ್ಕ ಕಲೀತಾ ಇದ್ದರು. ರಾಗವಾಗಿ ಹೇಳ್ತಾ, ನೆಲದ ಮೇಲೆ ಹರಡಿದ ಸಣ್ಣ ಮರಳಿನಲ್ಲಿ ಬೆರಳಿನಿಂದ ಅಂಕಿ ಬರೀತಾ. ನೆಲ ತುಂಬಿದ ಮೇಲೆ ಅಳಿಸಿ, ಹೊಸ ಮರಳು ಹರಡಿ ಮತ್ತೆ ಬರೆಯೋದು. ಕಾಗದದ ಖರ್ಚಿಲ್ಲ, ಶಾಯಿಯ ಖರ್ಚಿಲ್ಲ. ಅವನು ಇದನ್ನ ಆಶ್ಚರ್ಯದಿಂದ ಬರೆದಿಟ್ಟಿದ್ದಾನೆ. ವ್ಯಾಪಾರದ ದಾರಿಯ ಪಕ್ಕದ ಮಕ್ಕಳಿಗೆ ಲೆಕ್ಕ ಬಾರದಿದ್ದರೆ ಆಗುತ್ತಾ? ಹೇರು ಎಷ್ಟು, ಸುಂಕ ಎಷ್ಟು, ಉಳಿದದ್ದೆಷ್ಟು ಅನ್ನೋದು ಅಲ್ಲಿ ದಿನನಿತ್ಯದ ಬದುಕು.

ಎರಡನೇ ನಿಲ್ದಾಣ: ಹೊಸನಗರ ದಾಟಿ ಹಳೇ ನಗರಕ್ಕೆ

ಸಾಗರದಿಂದ ದಕ್ಷಿಣಕ್ಕೆ ಹೊರಟರೆ ಶರಾವತಿಯನ್ನು ದಾಟಿಯೇ ನಗರಕ್ಕೆ ಹೋಗಬೇಕು. ಈ ನದಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ಹರಿಯೋದು ಹೊಸನಗರ ತಾಲ್ಲೂಕಿನ ಮೂಲಕ. ಬೇಸಿಗೆಯಲ್ಲಿ ತಗ್ಗಿದ ನೀರಿನಲ್ಲಿ ಎತ್ತು ನಡೆದೇ ದಾಟಬಹುದಾದ ಕಡೆಗಳು ಹಳೇ ದಾರಿಗೆ ಬೇಕಾಗಿದ್ದವು. ಸೇತುವೆ ಇಲ್ಲದ ಕಾಲದಲ್ಲಿ ದಾರಿಯ ಅಲೈನ್‌ಮೆಂಟ್ ತೀರ್ಮಾನ ಆಗ್ತಿದ್ದದ್ದು ಹೀಗೆ, ಎಲ್ಲಿ ನದಿ ಬಿಟ್ಟುಕೊಡುತ್ತೋ ಅಲ್ಲಿ.

ಹೊಸನಗರ ಪೇಟೆಗೆ ಮೊದಲಿದ್ದ ಹೆಸರು ಕಲ್ಲೂರುಕಟ್ಟೆ. 19ನೇ ಶತಮಾನದ ಕೊನೆಯ ಹೊತ್ತಿಗೆ ತಾಲ್ಲೂಕು ಕಚೇರಿ ನಗರದಿಂದ ಇಲ್ಲಿಗೆ ಬಂತು, ಊರು ‘ಹೊಸ ನಗರ’ ಆಯಿತು. ಅಂದ್ರೆ ಹೆಸರಲ್ಲೇ ಒಂದು ವರ್ಗಾವಣೆಯ ಆದೇಶ ಅಡಗಿದೆ! ಹೊಸದು ಇದ್ದ ಮೇಲೆ ಹಳೆಯದು ಇರಲೇಬೇಕಲ್ಲ? ಸುಮಾರು 17 ಕಿ.ಮೀ. ಮುಂದೆ ಹೋದರೆ ಅದು ಸಿಗುತ್ತೆ.

ಹಳೇ ನಗರದ ಮೂಲ ಹೆಸರು ಬಿದರೂರು, ಬಿದನೂರು. ಬಿದಿರು ಬೆಳೆದ ಊರು. ಸಂಸ್ಕೃತದಲ್ಲಿ ವೇಣುಪುರ ಅಂದದ್ದೂ ಅದಕ್ಕೇ. ಬಿಜಾಪುರದ ಸೈನ್ಯ 1630ರ ದಶಕದ ಕೊನೆಯಲ್ಲಿ ಇಕ್ಕೇರಿಯ ಮೇಲೆ ಬಿದ್ದು ಲೂಟಿ ಮಾಡಿದ ಮೇಲೆ ವೀರಭದ್ರ ನಾಯಕ ರಾಜಧಾನಿಯನ್ನು ಇಲ್ಲಿಗೆ ತಂದ. ಬಯಲಿನಿಂದ ಬರುವ ಕುದುರೆ ಸೈನ್ಯಕ್ಕೆ ಈ ಜಾಗ ಕಷ್ಟ: ಸುತ್ತ ಗುಡ್ಡ, ದಟ್ಟ ಕಾಡು, ಕಿರಿದಾದ ಕಣಿವೆಗಳು, ಆ ಕಣಿವೆಗಳಿಗೆ ಅಡ್ಡ ಕೋಟೆ. ಆದರೆ ಕಾಡಿನೊಳಗೆ ಅಡಗಿ ಕೂರೋಕೆ ಇನ್ನೂ ಬೇಕಾದಷ್ಟು ಜಾಗ ಇತ್ತು. ಇದನ್ನೇ ಯಾಕೆ ಆರಿಸಿದರು? ಯಾಕೆಂದರೆ ಇದು ಹೊಸಂಗಡಿ ಘಟ್ಟದ ನೇರ ದಾರಿಯಲ್ಲಿದೆ. ಘಟ್ಟ ಇಳಿದರೆ ಬಸ್ರೂರು, ಕುಂದಾಪುರ, ಗಂಗೊಳ್ಳಿ. ಶತ್ರುವಿಗೆ ದೂರ, ಬಂದರಿಗೆ ಹತ್ತಿರ. ಸೈಟ್ ಸೆಲೆಕ್ಷನ್ ಅಂದ್ರೆ ಇದು.

ಆಮೇಲೆ ಬಂದ ಶಿವಪ್ಪ ನಾಯಕ 1650ರ ದಶಕದ ಮೊದಲ ವರ್ಷಗಳಲ್ಲಿ ಗಂಗೊಳ್ಳಿ, ಬಸ್ರೂರು, ಹೊನ್ನಾವರಗಳನ್ನು ಪೋರ್ಚುಗೀಸರ ಕೈಯಿಂದ ಕಿತ್ತುಕೊಂಡ. ಬೆಳೆಯುವ ತೋಟ, ಸಾಗುವ ದಾರಿ, ಹಡಗು ಹತ್ತುವ ಬಂದರು ಮೂರೂ ಒಂದೇ ಕೈಗೆ ಬಂದವು. ಊರು ಎಷ್ಟು ಬೆಳೆಯಿತೆಂದರೆ, ಮನೆಗಳ ಎಣಿಕೆ ಲಕ್ಷ ಮುಟ್ಟಲಿದೆ, ಲಕ್ಷ ಆದರೆ ಅದು ‘ನಗರ’ ಅನ್ನುವ ಮಾತು ಹುಟ್ಟಿಕೊಂಡಿತಂತೆ. ಲಕ್ಷದ ಲೆಕ್ಕ ಹೇಗಾದರೂ ಇರಲಿ, ಹೆಸರು ಮಾತ್ರ ನಿಂತಿತು.

1763ರಲ್ಲಿ ಹೈದರ್ ಅಲಿ ಈ ಊರನ್ನು ಗೆದ್ದು ಹೈದರ್‌ನಗರ ಅಂದ. ನಗರದ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯಗಳು ಇಂದಿಗೂ ಸಂಗ್ರಹಗಳಲ್ಲಿವೆ. 1783ರ ಆರಂಭದಲ್ಲಿ ಕಂಪನಿ ಸೈನ್ಯದ ಜನರಲ್ ಮ್ಯಾಥ್ಯೂಸ್ ಕುಂದಾಪುರದಿಂದ ಹೊಸಂಗಡಿ ಘಟ್ಟ ಹತ್ತಿ ಬಂದು ನಗರ ಹಿಡಿದ. ಟಿಪ್ಪು ಮಾಡಿದ್ದೇನು? ಒಂದು ಕಡೆ ಕೋಟೆಗೆ ಮುತ್ತಿಗೆ ಹಾಕಿದ, ಇನ್ನೊಂದು ಕಡೆ ಘಟ್ಟದ ದಾರಿ ಕತ್ತರಿಸಿದ. ಕಡಲಿನಿಂದ ಬರಬೇಕಾದದ್ದು ನಿಂತಿತು. ಏಪ್ರಿಲ್ ಕೊನೆಯ ಹೊತ್ತಿಗೆ ಮ್ಯಾಥ್ಯೂಸ್ ಶರಣಾದ. ಊರನ್ನು ಹಿಡಿದವನು ಗೆಲ್ಲಲಿಲ್ಲ, ದಾರಿಯನ್ನು ಹಿಡಿದವನು ಗೆದ್ದ.

ಈಗ ಅಲ್ಲಿ ಏನಿದೆ? ಗುಡ್ಡದ ಮೇಲಿನ ಕೋಟೆಗೋಡೆ, ಬಾಗಿಲು, ಒಳಗೆ ದರ್ಬಾರಿನ ಕಲ್ಲಿನ ತಳಪಾಯ, ಕೊಳಗಳು, ಪಕ್ಕದಲ್ಲೇ ಕೆರೆ. ಸ್ವಲ್ಪ ದೂರದಲ್ಲಿ ದೇವಗಂಗೆ. ಗುಡ್ಡದ ಊಟೆ ನೀರನ್ನು ಕಲ್ಲಿನ ಕೊಳಗಳಿಗೆ ಹಾಯಿಸಿದ ರೀತಿಯನ್ನು ಸಿವಿಲ್ ವಿಭಾಗದವರು ನಿಂತು ನೋಡಬೇಕು. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ಬೇಸಿಗೆಯಲ್ಲೂ ನೀರು ನಿಂತಿಲ್ಲ.

ಘಾಟಿ: ಮೂರು ಇಳಿಜಾರಿನ ಲೆಕ್ಕ

ನಗರದಿಂದ ಮಾಸ್ತಿಕಟ್ಟೆ ದಾಟಿದರೆ ಹುಲಿಕಲ್. ಇಲ್ಲಿಂದ ಬಾಳೆಬರೆ ಘಾಟಿ ಇಳಿದರೆ ಹೊಸಂಗಡಿ. ಬಸ್ಸಿನ ಕಿಟಕಿಯಿಂದ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಹೊಸಂಗಡಿ ಅನ್ನೋ ಹೆಸರನ್ನ ಬಿಡಿಸಿ ಓದಿ: ಹೊಸ ಅಂಗಡಿ. ಘಟ್ಟದ ಬುಡದಲ್ಲಿ ಅಂಗಡಿ ಯಾಕೆ? ಹತ್ತುವ ಮೊದಲು, ಇಳಿದ ಮೇಲೆ ಎತ್ತು, ಮನುಷ್ಯ ಇಬ್ಬರಿಗೂ ದಣಿವಾರಿಸಿಕೊಳ್ಳುವ ಜಾಗ ಬೇಕಲ್ಲ. ನಮ್ಮ ಊರ ಹೆಸರುಗಳಲ್ಲಿ ಅಂಗಡಿ, ಪೇಟೆ, ಕಟ್ಟೆ, ಸುಂಕದಕಟ್ಟೆ ಅಂತ ಬಂದಲ್ಲೆಲ್ಲಾ ಒಂದು ಹಳೇ ದಾರಿ ಹಾದುಹೋಗಿರುವ ಸಾಧ್ಯತೆ ಹುಡುಕಬಹುದು.

ಈಗ ಆಗಲೇ ಮುಂದೂಡಿದ ಲೆಕ್ಕಕ್ಕೆ ಬರೋಣ. ಘಟ್ಟದ ತಲೆಗೂ ಬುಡಕ್ಕೂ ಎತ್ತರದ ವ್ಯತ್ಯಾಸ 500 ಮೀಟರ್ ಅಂತ ಇಟ್ಟುಕೊಳ್ಳಿ. ಒಂದೇ ಘಟ್ಟ, ಮೂರು ವಾಹನ.

ಹೇರೆತ್ತು: ಎಂಟು ಹೆಜ್ಜೆ ಮುಂದೆ ಹೋಗುವಾಗ ಒಂದು ಹೆಜ್ಜೆ ಮೇಲೆ ಹತ್ತುವ ಕಾಲುದಾರಿ ಅಂದುಕೊಂಡರೆ ಬೇಕಾದ ದಾರಿ 4 ಕಿ.ಮೀ.

ಮೋಟಾರು ರಸ್ತೆ: ಗುಡ್ಡಗಾಡಿನ ರಸ್ತೆಗೆ ನಾವು ಪಾಠದಲ್ಲಿ ಓದುವ ಸಾಮಾನ್ಯ ಮಿತಿ 20ಕ್ಕೆ 1. ಬೇಕಾದ ದಾರಿ 10 ಕಿ.ಮೀ. ಆ ಹೆಚ್ಚುವರಿ ಉದ್ದವನ್ನು ಗುಡ್ಡಕ್ಕೆ ಸುತ್ತಿಸಿದಾಗ ಬರೋದೇ ಹೇರ್‌ಪಿನ್ ತಿರುವುಗಳು.

ರೈಲು: ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದಲ್ಲಿ ಇಳಿಜಾರು 50ಕ್ಕೆ 1. ಅದೇ ಇಲ್ಲಿಗೂ ಅಂದರೆ ಬೇಕಾದ ದಾರಿ 25 ಕಿ.ಮೀ., ಅದೂ ಸುರಂಗ, ಸೇತುವೆಗಳ ಸಮೇತ.

ನೋಡಿದ್ರಾ? ವಾಹನ ಬಲವಾದಷ್ಟೂ ಘಟ್ಟ ‘ಉದ್ದ’ ಆಗ್ತಾ ಹೋಗುತ್ತೆ. ಎತ್ತಿಗೆ ಇದು ಹತ್ತಿರದ ದಾರಿ, ರೈಲಿಗೆ ಇದು ಗೋಡೆ. ಚಕ್ರ ಭಾರ ಹೊರುತ್ತೆ, ಆದರೆ ಏರು ಕೇಳೋದಿಲ್ಲ. ಕಾಲು ಏರು ಕೇಳುತ್ತೆ, ಆದರೆ ಭಾರ ಹೊರೋದಿಲ್ಲ. ಕಾಲಿನ ಯುಗ ಮುಗಿದು ಚಕ್ರದ ಯುಗ ಶುರುವಾದ ದಿನವೇ ನಗರದ ಭವಿಷ್ಯ ಬದಲಾಯಿತು.

ದಾರಿ ತಿರುಗಿದಾಗ

1830-31ರ ನಗರದ ದಂಗೆ ಮೈಸೂರಿನ ಆಡಳಿತವನ್ನೇ ಬ್ರಿಟಿಷ್ ಕಮಿಷನರುಗಳ ಕೈಗೆ ಹಾಕಿತು. ಆಗ ಮಾಡಿದ ಒಂದು ದೊಡ್ಡ ಆಡಳಿತ ವಿಭಾಗಕ್ಕೆ ‘ನಗರ ವಿಭಾಗ’ ಅಂತಲೇ ಹೆಸರು. ಆದರೆ ಕಚೇರಿ ಕೂತದ್ದು ಶಿವಮೊಗ್ಗದಲ್ಲಿ. ಹೆಸರು ಬೆಟ್ಟದಲ್ಲಿ, ಕುರ್ಚಿ ಬಯಲಲ್ಲಿ. ಮುಂದೆ 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ಆಮೇಲೆ ಅದು ಸಾಗರದ ಮೂಲಕ ತಾಳಗುಪ್ಪದವರೆಗೆ ಹೋಗಿ ನಿಂತಿತು. ಘಟ್ಟ ಇಳಿಯಲಿಲ್ಲ. ಇವತ್ತಿಗೂ ಉತ್ತರದ ಕ್ಯಾಸಲ್‌ರಾಕ್ ಘಟ್ಟ ಬಿಟ್ಟರೆ ದಕ್ಷಿಣದ ಸಕಲೇಶಪುರದವರೆಗೆ ನಡುವೆ ಎಲ್ಲೂ ರೈಲು ಪಶ್ಚಿಮಘಟ್ಟ ದಾಟೋದಿಲ್ಲ. ಹೊಸನಗರ, ತೀರ್ಥಹಳ್ಳಿ ತಾಲ್ಲೂಕು ಕೇಂದ್ರಗಳಲ್ಲಿ ರೈಲು ನಿಲ್ದಾಣವೇ ಇಲ್ಲ.

ಇದರ ಪರಿಣಾಮ ಬಹಳ ಸರಳ. ಮೊದಲು ಹೊಸನಗರದ ಅಡಿಕೆ, ಮೆಣಸು ಪಶ್ಚಿಮಕ್ಕೆ ಮುಖ ಮಾಡಿದ್ದವು. ಕಡಲು ನಾಲ್ಕು ದಿನದ ದಾರಿ. ಈಗ ಅಡಿಕೆ ಪೂರ್ವಕ್ಕೆ, ಶಿವಮೊಗ್ಗ, ಸಾಗರದ ಮಾರುಕಟ್ಟೆಗಳಿಗೆ ಮುಖ ಮಾಡಿತು. ಪಶ್ಚಿಮಕ್ಕೆ ಮುಖ ಮಾಡಿದಾಗ ನಗರ ದಾರಿಯ ನಡುವೆ ಇತ್ತು. ಪೂರ್ವಕ್ಕೆ ತಿರುಗಿದ ಕೂಡಲೇ ಅದೇ ಊರು ದಾರಿಯ ಕೊನೆ ಆಯಿತು. ಒಂದು ಇಂಚೂ ಕದಲದೆ ಊರು ಮೂಲೆಗೆ ಹೋಯಿತು!

ಅದೇ ಘಟ್ಟ ಇಳಿಯುವ ಹೊಸ ಸರಕು

ಹಾಗಾದರೆ ಇಂಜಿನಿಯರುಗಳು ಈ ಘಟ್ಟವನ್ನು ಮರೆತೇಬಿಟ್ಟರಾ? ಇಲ್ಲ. ಅವರಿಗೆ ಅದರಲ್ಲಿ ಬೇರೆಯೇ ಒಂದು ಸರಕು ಕಂಡಿತು. ಎತ್ತಿಗೆ ಇಳಿಯೋಕೆ ಕಷ್ಟ ಆದ ಆ ಎತ್ತರ ನೀರಿಗೆ ಶಕ್ತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಚಕ್ರಾ, ಸಾವೇಹಕ್ಲು ಜಲಾಶಯಗಳ ನೀರನ್ನೂ ಲಿಂಗನಮಕ್ಕಿಗೆ ತಿರುಗಿಸಲಾಯಿತು. ವಾರಾಹಿ ನದಿಗೆ ಮಾಣಿಯಲ್ಲಿ ಅಣೆಕಟ್ಟು ಬಂತು. ಆ ನೀರು ಘಟ್ಟದೊಳಗಿನ ಕೊಳವೆ ಇಳಿದು ಹೊಸಂಗಡಿಯ ಬಳಿ ನೆಲದಡಿಯ ವಿದ್ಯುದಾಗಾರದಲ್ಲಿ ಟರ್ಬೈನ್ ತಿರುಗಿಸುತ್ತೆ. ಮೊದಲ ಎರಡು ಘಟಕ ಶುರುವಾದದ್ದು 1989-90ರಲ್ಲಿ, 2009ರಲ್ಲಿ ಇನ್ನೆರಡು ಸೇರಿದವು. 115 ಮೆಗಾವ್ಯಾಟಿನ ನಾಲ್ಕು ಘಟಕ, ಒಟ್ಟು 460 ಮೆಗಾವ್ಯಾಟ್. ಒಂದು ಕಾಲಕ್ಕೆ ಮೆಣಸು ಇಳಿದ ಅದೇ ಘಟ್ಟದಲ್ಲಿ ಈಗ ನೀರು ಇಳಿಯುತ್ತೆ, ಕರೆಂಟು ಮೇಲೆ ಹತ್ತಿ ದೂರದ ಊರುಗಳಿಗೆ ಹೋಗುತ್ತೆ.

ಇದರ ಇನ್ನೊಂದು ಬದಿ ‘ಮುಳುಗಡೆ’. ಸಾಗರ, ಹೊಸನಗರ ತಾಲ್ಲೂಕಿನಲ್ಲಿ ಈ ಪದ ಕೇಳಿದರೆ ಹಿರಿಯರು ಒಂದು ಕ್ಷಣ ಸುಮ್ಮನಾಗ್ತಾರೆ. ಶರಾವತಿ ಕಣಿವೆಯ ಗದ್ದೆ, ತೋಟ, ಮನೆಗಳ ಜೊತೆ ಹಳೇ ದಾರಿಗಳೂ ನೀರಿನಡಿಗೆ ಹೋದವು. ಮೊದಲು ನಡೆದು ಹೋಗುತ್ತಿದ್ದ ಪಕ್ಕದ ಊರು ಹಿನ್ನೀರಿನ ಆಚೆ ದಡ ಆಯಿತು. ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಜನ ದಶಕಗಳ ಕಾಲ ಲಾಂಚಿಗೆ ಕಾದರು. ಸಿಗಂದೂರಿಗೆ ಹೋಗುವವರಿಗೆ ಅದು ಮಜಾ, ಆಚೆ ದಡದಲ್ಲಿ ವಾಸ ಇರುವವರಿಗೆ ಅದು ಆಸ್ಪತ್ರೆಯ ದಾರಿ. ಕೊನೆಗೂ ಎರಡು ಕಿಲೋಮೀಟರಿಗಿಂತ ಉದ್ದದ ಕೇಬಲ್ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆ ಆಯಿತು. ಅಣೆಕಟ್ಟು ಮುಗಿದದ್ದು 1964ರಲ್ಲಿ. ನಡುವಿನ ವರ್ಷಗಳನ್ನು ನೀವೇ ಕಳೆದು ನೋಡಿ: 61. ದಾರಿ ಕಿತ್ತುಕೊಂಡ ಯೋಜನೆಗೂ ದಾರಿ ವಾಪಸ್ ಕೊಟ್ಟ ಯೋಜನೆಗೂ ನಡುವೆ ಎರಡು ತಲೆಮಾರು ಬದುಕಿದವು.

ಸೇತುವೆ ಕಟ್ಟಿದವರೂ ಇಂಜಿನಿಯರುಗಳೇ, ಅಣೆಕಟ್ಟು ಕಟ್ಟಿದವರೂ ಇಂಜಿನಿಯರುಗಳೇ. ಅಣೆಕಟ್ಟು ಬೇಡವಾಗಿತ್ತು ಅಂತ ಫ್ಯಾನ್ ಕೆಳಗೆ ಕೂತು ಹೇಳೋದು ನಮಗೆ ಶೋಭಿಸಲ್ಲ. ಆದರೆ ಅಣೆಕಟ್ಟಿನ ಡ್ರಾಯಿಂಗಿನ ಜೊತೆಗೇ ಸೇತುವೆಯ ಡ್ರಾಯಿಂಗೂ ಬರಬೇಕಿತ್ತು ಅನ್ನೋದನ್ನ ಹೇಳಬಹುದು. ಈಗ ಗೇರುಸೊಪ್ಪೆ, ತಳಕಳಲೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ, ವಿರೋಧ ನಡೀತಾ ಇದೆ. ಆ ಚರ್ಚೆಯಲ್ಲಿ ಮೆಗಾವ್ಯಾಟಿನ ಅಂಕಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಇರಬೇಕು: ಇದರಿಂದ ಯಾವ ಊರು ಹತ್ತಿರ ಆಗುತ್ತೆ, ಯಾವ ಊರು ದೂರ ಆಗುತ್ತೆ?

ಕೊನೆಯ ನಿಲ್ದಾಣ: ಬಸ್ರೂರು

ಹೊಸಂಗಡಿಯಿಂದ ಸಿದ್ದಾಪುರದ ಮೇಲೆ ಕುಂದಾಪುರದ ಕಡೆ ಬಂದರೆ ವಾರಾಹಿಯ ದಡದಲ್ಲಿ ಬಸ್ರೂರು. ಪೋರ್ಚುಗೀಸರ ಬರಹಗಳಲ್ಲಿ ಇದು ‘ಬಾರ್ಸೆಲೋರ್’. ಗೋವಾಕ್ಕೆ ಬೇಕಾದ ಅಕ್ಕಿಗೆ ಅವರು ಆಶ್ರಯಿಸಿದ್ದ ಬಂದರುಗಳಲ್ಲಿ ಇದು ಮುಖ್ಯ. 1665ರಲ್ಲಿ ಶಿವಾಜಿ ಸಮುದ್ರದ ದಾರಿಯಲ್ಲಿ ಬಂದು ದಾಳಿ ಮಾಡಿದ್ದು ಇದೇ ಊರಿನ ಮೇಲೆ. ಲೂಟಿ ಮಾಡೋಕೆ ಕಡಲು ದಾಟಿ ಬರಬೇಕಾದರೆ ಊರಲ್ಲಿ ಎಷ್ಟು ಸಂಪತ್ತು ಇದ್ದಿರಬೇಕು! ಅಂದಿನ ಕರಾವಳಿಯ ಶಾಸನಗಳಲ್ಲಿ ‘ನಖರ’ ಅನ್ನೋ ವರ್ತಕ ಸಂಘಗಳ ಜೊತೆ ‘ಹಂಜಮಾನ’ ಅನ್ನೋ ಪದವೂ ಸಿಗುತ್ತೆ. ಅದು ಕಡಲಾಚೆಯಿಂದ ಬಂದು ವ್ಯಾಪಾರ ಮಾಡಿದವರ ಸಂಘ. ಮಲೆನಾಡಿನ ಮೆಣಸಿನ ಬಳ್ಳಿಗೂ ಅರಬ್ಬೀ ಕಡಲಾಚೆಯ ಪೇಟೆಗೂ ನಡುವಿನ ಕೊಂಡಿ ಇದ್ದದ್ದು ಇಲ್ಲಿ.

ಇವತ್ತು ಬಸ್ರೂರು ಕೂಡ ಶಾಂತ ಊರು. ದೇವಸ್ಥಾನಗಳು, ಕೆರೆಗಳು, ಹೊಳೆ. ದೊಡ್ಡ ಹಡಗುಗಳಿಗೆ ಆಳದ ಬಂದರು ಬೇಕಾಯಿತು, ಹೊಳೆಯ ಒಳಗಿನ ಬಂದರು ಸಾಲದಾಯಿತು. ಘಟ್ಟದ ಮೇಲೆ ನಗರಕ್ಕೆ ಆದದ್ದೇ ಘಟ್ಟದ ಕೆಳಗೆ ಬಸ್ರೂರಿಗೂ ಆಯಿತು.

ಹೋಗುವವರಿಗೆ ನಾಲ್ಕು ಮಾತು

ಸೆಮಿಸ್ಟರ್ ರಜೆಯಲ್ಲಿ ಮೂರು ದಿನ ಸಾಕು. ಮೊದಲ ದಿನ ಸಾಗರ, ಕೆಳದಿ, ಇಕ್ಕೇರಿ. ಎರಡನೇ ದಿನ ಹೊಸನಗರ, ನಗರದ ಕೋಟೆ, ದೇವಗಂಗೆ. ಸಮಯ ಉಳಿದರೆ ಹುಂಚಕ್ಕೂ ಹೋಗಿ. ಕೆಳದಿಯವರಿಗಿಂತ ಎಷ್ಟೋ ಶತಮಾನ ಮೊದಲೇ ಸಾಂತರರು ಅಲ್ಲಿಂದ ಆಳಿದ್ದರು. ಮೂರನೇ ದಿನ ಘಾಟಿ ಇಳಿದು ಬಸ್ರೂರು. ಡಿಸೆಂಬರ್, ಜನವರಿ ಒಳ್ಳೇ ಕಾಲ, ಎಷ್ಟೆಂದರೂ ಅದೇ ಹೇರೆತ್ತುಗಳ ಕಾಲ! ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಜರಿಯುತ್ತೆ, ಭಾರಿ ವಾಹನಗಳಿಗೆ ತಡೆ ಬೀಳುತ್ತೆ. ಹೊರಡುವ ಮುಂಚೆ ವಿಚಾರಿಸಿ. ಬಸ್ಸುಗಳು ಕಮ್ಮಿ, ಕೊನೇ ಬಸ್ಸು ಎಷ್ಟೊತ್ತಿಗೆ ಅಂತ ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ. ಅಣೆಕಟ್ಟು, ವಿದ್ಯುದಾಗಾರಗಳ ಹತ್ತಿರ ಅನುಮತಿ ಇಲ್ಲದೆ ಹೋಗಬೇಡಿ, ಫೋಟೋ ತೆಗೆಯಬೇಡಿ. ಕೋಟೆಯ ಕಲ್ಲಿನ ಮೇಲೆ ಹೆಸರು ಕೆತ್ತುವ ಪುಣ್ಯಾತ್ಮರು ನಿಮ್ಮ ಗುಂಪಿನಲ್ಲಿದ್ದರೆ ದಯವಿಟ್ಟು ಅವರನ್ನು ಮನೆಯಲ್ಲೇ ಬಿಟ್ಟು ಬನ್ನಿ.

ನಮ್ಮಲ್ಲಿ ಎಷ್ಟೋ ಜನ ಇನ್ನು ಕೆಲವೇ ವರ್ಷಗಳಲ್ಲಿ ರಸ್ತೆ, ರೈಲು, ಅಣೆಕಟ್ಟು, ಮೊಬೈಲ್ ಟವರ್ ಇವುಗಳ ಮುಂದೆ ಕೂತು ಕೆಲಸ ಮಾಡ್ತೀವಿ. ಪರದೆಯ ಮೇಲೆ ಒಂದು ಗೆರೆ ಎಳೀತೀವಿ. ಆ ಗೆರೆ ಎಲ್ಲಿ ಹಾದುಹೋಯಿತೋ ಅಲ್ಲೊಂದು ಪೇಟೆ ಬೆಳೆಯುತ್ತೆ. ಎಲ್ಲಿ ಹಾದುಹೋಗಲಿಲ್ಲವೋ ಅಲ್ಲಿನ ಹುಡುಗ ಇನ್ನೊಂದು ಕಾಲೇಜಿನ ಹಾಸ್ಟೆಲಿನಲ್ಲಿ “ಅದೆಲ್ಲಿ ಬರುತ್ತೆ?” ಅನ್ನೋ ಪ್ರಶ್ನೆಗೆ ಉತ್ತರ ಹೇಳ್ತಾ ಇರ್ತಾನೆ. ಗೆರೆ ಎಳೆಯುವ ಮುಂಚೆ ಒಂದು ಸಲ ಘಟ್ಟದ ಮೇಲಿನವರನ್ನೂ, ಘಟ್ಟದ ಕೆಳಗಿನವರನ್ನೂ ಕೇಳೋಣ.